ಎಲೆಕ್ಟ್ರಾನಿಕ್ ಸಂಗೀತ ಕಟ್ಟುವ ಒಗಟಿನ ಆಟಗಳು: ನಿಮಗೆ, ನಿಮ್ಮ ಮಕ್ಕಳಿಗೆ ಯಾವುದು ಸರಿ?

ಸಂಗೀತದ ವಿಡಿಯೋ ಗೇಮ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವ ಆಟ. ಪರದೆಯ ಮೇಲೆ ಗುರುತುಗಳು ಇಳಿದು ಬರುತ್ತವೆ. ಹೊತ್ತಿಗೆ ಸರಿಯಾಗಿ ಒತ್ತಿದರೆ ಅಂಕ, ತಪ್ಪಿದರೆ ಇಲ್ಲ. ಅದರಲ್ಲೂ ಮಜಾ ಇದೆ. ಆದರೆ ಹಾಡನ್ನು ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ಬೆಳಗಾವಿಯಲ್ಲಿ ತಬಲಾ ಕಲಿಯುತ್ತಿರುವ ನಮ್ಮ ಅಣ್ಣನ ಮಗ ಇದನ್ನೇ ಹೇಳಿದ: "ಕಾಕಾ, ನಾ ಒತ್ತಿದ್ರ ಹಾಡು ಬರ್ತದ ಖರೆ, ಆದ್ರ ಅದು ನಂದು ಅಲ್ಲಲ್ಲ."

ಈ ಬರಹ ಬೇರೆ ಬಗೆಯ ಆಟಗಳ ಬಗ್ಗೆ. ಒಂದು ಅಪರಿಚಿತ ಲೋಕಕ್ಕೆ ಹೋಗುತ್ತೀರಿ, ತಿರುಗಾಡುತ್ತೀರಿ, ಒಗಟು ಬಿಡಿಸುತ್ತೀರಿ. ಹಾಗೆ ಮಾಡುತ್ತಲೇ ಎಲೆಕ್ಟ್ರಾನಿಕ್ ಸಂಗೀತ ನಿಮ್ಮ ಕೈಯಿಂದ ಹುಟ್ಟುತ್ತದೆ. ಇಂಥ ಆಟಗಳು ಬಹಳ ಇಲ್ಲ. ಇರುವುದರಲ್ಲೂ ಒಂದಕ್ಕೊಂದು ದೊಡ್ಡ ವ್ಯತ್ಯಾಸ ಇದೆ. ಅಂಗಡಿಯ ಪುಟದಲ್ಲಿ ಎಲ್ಲದಕ್ಕೂ "ಮ್ಯೂಸಿಕಲ್" ಅಂತ ಒಂದೇ ಚೀಟಿ ಹಚ್ಚಿರುತ್ತಾರೆ. ಅದನ್ನು ನಂಬಿ ಕೊಂಡರೆ ನಿರಾಸೆ ಆಗಬಹುದು.

ಆರಿಸುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಆಟ ಮುಗಿದ ಮೇಲೆ ಆಡಿದವರ ಕೈಯಲ್ಲಿ ಏನು ಉಳಿಯುತ್ತದೆ? ಕೆಲವು ಆಟಗಳಲ್ಲಿ ಒಂದು ಒಳ್ಳೆಯ ಸಂಜೆ ಉಳಿಯುತ್ತದೆ. ಕೆಲವುಗಳಲ್ಲಿ ನೀವೇ ಮಾಡಿದ ಒಂದು ತುಣುಕು ಸಂಗೀತ ಉಳಿಯುತ್ತದೆ. ಬಹಳ ಕಡಿಮೆ ಆಟಗಳಲ್ಲಿ ಮಾತ್ರ ಇನ್ನೊಂದು ಸಂಗೀತ ಮಾಡುವ ತಿಳಿವಳಿಕೆ ಉಳಿಯುತ್ತದೆ. ಮೂರೂ ಬೇಕಾದವೇ. ಆದರೆ ನಿಮಗೆ ಬೇಕಾದದ್ದು ಯಾವುದು ಅಂತ ಮೊದಲೇ ಗೊತ್ತಿರಬೇಕು.

ಫ್ರ್ಯಾಕ್ಟ್ ಓಎಸ್‌ಸಿ: ಲೋಕವೇ ಒಂದು ವಾದ್ಯ

ಇದರಿಂದಲೇ ಶುರು ಮಾಡುತ್ತೇನೆ. ಕೆನಡಾದ ಮಾಂಟ್ರಿಯಲ್ ನಗರದ ಫಾಸ್‌ಫೀಂಡ್ ಸಿಸ್ಟಮ್ಸ್ ಎಂಬ ಪುಟ್ಟ ತಂಡ ಇದನ್ನು 2014ರಲ್ಲಿ ವಿಂಡೋಸ್ ಮತ್ತು ಮ್ಯಾಕ್‌ಗೆ ತಂದಿತು. ಮೂಲದಲ್ಲಿ ಇದು ರಿಚರ್ಡ್ ಫ್ಲಾನಗನ್ ಎಂಬುವರು ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ. 2011ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಅತ್ಯುತ್ತಮ ವಿದ್ಯಾರ್ಥಿ ಆಟ ಅಂತ ಗೆದ್ದಿತು. ವಿಟಿಯು ಹುಡುಗ ಹುಡುಗಿಯರು ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಇದನ್ನು ಒಮ್ಮೆ ನೋಡಲಿ ಅಂತ ನನ್ನ ಆಸೆ.

ಆಟ ಶುರುವಾದಾಗ ನೀವು ಒಂದು ಹಾಳುಬಿದ್ದ ಲೋಕದಲ್ಲಿ ನಿಂತಿರುತ್ತೀರಿ. ಕತ್ತಲು, ಅಲ್ಲಲ್ಲಿ ನಿಯಾನ್ ಬಣ್ಣದ ಗೆರೆಗಳು, ನಿಂತುಹೋದ ದೈತ್ಯ ಯಂತ್ರಗಳು. ಮಾತಿಲ್ಲ, ಕಥೆ ಹೇಳುವವರಿಲ್ಲ, "ಇಲ್ಲಿ ಹೋಗು" ಅನ್ನುವ ಬಾಣದ ಗುರುತೂ ಇಲ್ಲ. ತಿರುಗಾಡುತ್ತ ಒಂದೊಂದೇ ಯಂತ್ರವನ್ನು ಸರಿಪಡಿಸಬೇಕು. ಆ ಯಂತ್ರಗಳು ಬೇರೇನೂ ಅಲ್ಲ, ವಿದ್ಯುತ್ತಿನಿಂದ ಶಬ್ದ ಹುಟ್ಟಿಸುವ ವಾದ್ಯವಾದ ಸಿಂಥಸೈಸರ್‌ನ ಭಾಗಗಳೇ. ಒಂದು ಪ್ರದೇಶ ಬೇಸ್‌ಗೆ (ಕೆಳಗಿನ ದಪ್ಪ ಸ್ವರ), ಒಂದು ಪ್ಯಾಡ್‌ಗೆ (ಹಿಂದೆ ಹರಡಿ ನಿಲ್ಲುವ ನಾದ), ಒಂದು ಲೀಡ್‌ಗೆ (ಮುಂದೆ ಕೇಳುವ ಮುಖ್ಯ ರಾಗ). ಒಗಟು ಬಿಡಿಸಿದಂತೆ ಆ ಭಾಗ ಜೀವ ಪಡೆದು ಸದ್ದು ಮಾಡತೊಡಗುತ್ತದೆ. ಜೊತೆಗೆ ಆಟದೊಳಗೇ ಇರುವ ಸ್ಟುಡಿಯೋದಲ್ಲಿ ನಿಮಗೆ ಹೊಸ ಹೊಸ ಉಪಕರಣ ತೆರೆದುಕೊಳ್ಳುತ್ತವೆ. ಅಲ್ಲಿ ಕೂತು ನಿಮ್ಮದೇ ಸಂಗೀತ ಕಟ್ಟಬಹುದು, ಬೇರೆಯವರ ಜೊತೆ ಹಂಚಿಕೊಳ್ಳಬಹುದು.

ನನಗೆ ಇದರಲ್ಲಿ ಬಹಳ ಹಿಡಿಸುವ ಸಂಗತಿ ಏನೆಂದರೆ ಇಲ್ಲಿ ಒಗಟು ಬೇರೆ, ಸಂಗೀತ ಬೇರೆ ಅಲ್ಲ. ಎಷ್ಟೋ ಆಟಗಳಲ್ಲಿ ಒಗಟು ಬಿಡಿಸಿದ್ದಕ್ಕೆ ಬಹುಮಾನವಾಗಿ ಹಾಡು ಕೇಳಿಸುತ್ತಾರೆ. ಇಲ್ಲಿ ಸ್ವರ ಎಲ್ಲಿ ಇಡಬೇಕು, ಯಾವ ಗುಂಡಿ ಎಷ್ಟು ತಿರುಗಿಸಬೇಕು ಅನ್ನುವುದೇ ಒಗಟು. ಉತ್ತರ ಸರಿಯೋ ತಪ್ಪೋ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಈ ಆಟದ ಹೃದಯ ಸ್ಟೆಪ್ ಸೀಕ್ವೆನ್ಸರ್. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಬರುವ ಬೇರೆ ಆಟಗಳಿಗೂ ಇದು ಬೇಕು. ಒಂದು ಸಾಲಿನಲ್ಲಿ ಸಾಮಾನ್ಯವಾಗಿ 16 ಮನೆ ಇರುತ್ತವೆ. ಯಂತ್ರ ಎಡದಿಂದ ಬಲಕ್ಕೆ ಒಂದೊಂದೇ ಮನೆ ದಾಟುತ್ತ ಹೋಗುತ್ತದೆ. ಕೊನೆ ಮುಟ್ಟಿದ ಕೂಡಲೇ ಮತ್ತೆ ಮೊದಲ ಮನೆಗೆ ಬರುತ್ತದೆ. ತುಂಬಿದ ಮನೆಯಲ್ಲಿ ಶಬ್ದ, ತುಂಬದ ಮನೆಯಲ್ಲಿ ಮೌನ. ನಮ್ಮ ಕಡೆ ತಬಲಾ ಕಲಿತ ಮಕ್ಕಳು ಇದನ್ನು ನೋಡಿದ ತಕ್ಷಣ ಹಿಡಿದುಬಿಡುತ್ತಾರೆ. ತೀನ್‌ತಾಲಕ್ಕೂ 16 ಮಾತ್ರೆ, ನಾಲ್ಕು ನಾಲ್ಕರಂತೆ ನಾಲ್ಕು ವಿಭಾಗ. ಮೊದಲ ಮಾತ್ರೆಗೆ ಸಮ, ಒಂಬತ್ತನೆಯದಕ್ಕೆ ಖಾಲಿ. ಸುತ್ತಿ ಬಂದು ಸಮಕ್ಕೆ ಸೇರುವ ಆ ಸುಖ ಅವರಿಗೆ ಮೊದಲೇ ಗೊತ್ತು. ಒಂದು ವ್ಯತ್ಯಾಸ ಮಾತ್ರ ಹೇಳಿಕೊಡಬೇಕು. ಸೀಕ್ವೆನ್ಸರ್‌ನ 16 ಮನೆ ಅಂದರೆ ಸಾಮಾನ್ಯವಾಗಿ ನಾಲ್ಕೇ ಬೀಟ್, ಒಂದೊಂದನ್ನೂ ನಾಲ್ಕಾಗಿ ಸೀಳಿದ್ದು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಇಡೀ ಸಾಲು ಎರಡೇ ಸೆಕೆಂಡಿನಲ್ಲಿ ಮುಗಿಯುತ್ತದೆ. ವಿಲಂಬಿತದ ನಿಧಾನಕ್ಕೆ ಒಗ್ಗಿದ ಕಿವಿಗೆ ಮೊದಲು ಗಡಿಬಿಡಿ ಅನಿಸುತ್ತದೆ. ಆಮೇಲೆ ಸರಿಹೋಗುತ್ತದೆ.

ಈ 16ರ ಲೆಕ್ಕ ಆಟದವರು ಕಂಡುಹಿಡಿದದ್ದಲ್ಲ. 1980ರಲ್ಲಿ ಬಂದ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರದಲ್ಲಿ 16 ಗುಂಡಿಗಳ ಸಾಲಿತ್ತು. ಅದರ ಬೆನ್ನಿಗೇ ಟಿಬಿ-303 ಎಂಬ ಬೇಸ್ ಯಂತ್ರ ಬಂತು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಈ ಎರಡೂ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಒಂದು ರೆಕಾರ್ಡ್ ಮಾಡಿದರು. ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವ್ಯವಸ್ಥೆ ಇತ್ತು. ಮೀಂಡ್ ಕೇಳಿ ಬೆಳೆದವರಿಗೆ ಅದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಆಗ ಯಾರೂ ಅಷ್ಟು ಗಮನಿಸದ ಆ ರೆಕಾರ್ಡ್ 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತೇ ತಿರುಗಿ ನೋಡಿತು. ಎಲೆಕ್ಟ್ರಾನಿಕ್ ಸಂಗೀತ ನಮಗೆ ಪರಕೀಯ ಅನ್ನುವವರಿಗೆ ಈ ಸಂಗತಿ ಹೇಳಲೇಬೇಕು ಅನಿಸುತ್ತದೆ ನನಗೆ.

ಫ್ರ್ಯಾಕ್ಟ್ ಕಲಿಸುವ ಇನ್ನೊಂದು ಪಾಠ ಫಿಲ್ಟರ್. ಸಿಂಥ್‌ನಲ್ಲಿ ಮೊದಲು ಹುಟ್ಟುವ ಶಬ್ದ ಒರಟು, ಎಲ್ಲ ಬಗೆಯ ಕಂಪನ ತುಂಬಿದ್ದು. ಫಿಲ್ಟರ್ ಅದರಲ್ಲಿ ಮೇಲಿನದನ್ನು ಕತ್ತರಿಸುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಕಟಾಫ್, ಕತ್ತರಿಸಿದ ಜಾಗದಲ್ಲಿ ಎಷ್ಟು ಮೊನಚು ಇರಬೇಕು ಅನ್ನುವುದಕ್ಕೆ ರೆಸೋನೆನ್ಸ್. ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. ತಿರುಗಿಸಿ ಕೇಳಿದರೆ ಒಂದು ಗಳಿಗೆ ಸಾಕು.

ಇನ್ನು ತೊಂದರೆಗಳು. ದಾರಿ ತಪ್ಪುವುದು ಇಲ್ಲಿ ಖಂಡಿತ. ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಯಾವ ಒಗಟು ಬಿಡಿಸಿದ್ದೆ ಯಾವುದು ಬಾಕಿ ಅಂತ ಮರೆತುಹೋಗುತ್ತದೆ. ಒಂದು ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು ನಕ್ಷೆ ಬರೆದುಕೊಳ್ಳಿ. ಸಣ್ಣ ಮಕ್ಕಳಿಗೆ ಇದನ್ನು ಕೊಡಬೇಡಿ. ಭಯ ಹುಟ್ಟಿಸುವಂಥದ್ದೇನೂ ಇಲ್ಲ, ಆದರೆ ಸುಳಿವೇ ಸಿಗದೆ ಬೇಸರ ಮಾಡಿಕೊಳ್ಳುತ್ತಾರೆ. ಹೈಸ್ಕೂಲ್ ದಾಟಿದವರಿಗೆ, ಅದರಲ್ಲೂ ಹಟ ಇರುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ರಿಟ್ಮೊಸ್: ಒಂದು ಗೆರೆ, ಒಂದು ಸುತ್ತು

ದಾರಿ ತಪ್ಪುವ ತಾಳ್ಮೆ ಇಲ್ಲದವರಿಗೆ ರಿಟ್ಮೊಸ್. ಡೆನ್ಮಾರ್ಕ್‌ನ ಫ್ಲಾಪಿ ಕ್ಲಬ್ ತಂಡ 2023ರಲ್ಲಿ ಕಂಪ್ಯೂಟರ್ ಮತ್ತು ನಿಂಟೆಂಡೊ ಸ್ವಿಚ್‌ಗೆ ಬಿಡುಗಡೆ ಮಾಡಿತು. ಇಲ್ಲಿ ಗ್ರಹಗಳೆಲ್ಲ ಘನಾಕಾರದ ಪೆಟ್ಟಿಗೆಗಳು. ಒಂದೊಂದು ಮುಖದ ಮೇಲೂ ಒಂದೊಂದು ಒಗಟು. ಚುಕ್ಕಿಗಳನ್ನು ಸೇರಿಸುತ್ತ ಗೆರೆ ಎಳೆದು, ಶುರು ಮಾಡಿದ ಜಾಗಕ್ಕೇ ವಾಪಸ್ ಬರಬೇಕು. ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಬಿಡದೆ ರಂಗೋಲಿ ಹಾಕಿದ ಕೈಗಳಿಗೆ ಇದು ತಾನಾಗಿಯೇ ಬರುತ್ತದೆ. ಗೆರೆ ಕೂಡಿದ ಕೂಡಲೇ ಅದು ಸುತ್ತುವ ತಾಳವಾಗುತ್ತದೆ. ಪಕ್ಕದ ಮುಖದ ಒಗಟು ಬಿಡಿಸಿದರೆ ಅದರ ಮೇಲೆ ಇನ್ನೊಂದು ವಾದ್ಯ ಕೂಡುತ್ತದೆ. ಹೀಗೆ ಇಡೀ ಪೆಟ್ಟಿಗೆ ತಿರುಗುತ್ತ ಒಂದು ಹಾಡಾಗುತ್ತದೆ.

ಇದರ ದೊಡ್ಡ ಗುಣ ಅಂದರೆ ಲೋಕ ಸುತ್ತಿಸುತ್ತದೆ. ಇಥಿಯೋಪಿಯಾದ ಜಾಜ್, 1970ರ ದಶಕದ ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ, ಇಂಡೋನೇಷ್ಯಾದ ಗಮೆಲಾನ್ ವಾದ್ಯಮೇಳ. ಅವುಗಳ ಬಗ್ಗೆ ನಾಲ್ಕು ಮಾತು ಓದಲಿಕ್ಕೂ ಸಿಗುತ್ತದೆ. ಆಟದಲ್ಲಿ ಸಿಕ್ಕ ವಾದ್ಯಗಳನ್ನು ಸುಮ್ನೆ ನುಡಿಸಿ ನೋಡಬಹುದು.

ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ರಿಟ್ಮೊಸ್‌ನಲ್ಲಿ ಒಗಟಿಗೆ ಉತ್ತರ ಕಣ್ಣಿನಿಂದ ಸಿಗುತ್ತದೆ. ಶಬ್ದ ಬಂದ್ ಮಾಡಿಯೂ ಆಡಬಹುದು. ಸಂಗೀತ ಹಿಂದಿನಿಂದ ಬರುತ್ತದೆ. ಅದು ಎಷ್ಟು ಚೆಂದ ಇದ್ದರೂ ಫ್ರ್ಯಾಕ್ಟ್ ಕೊಡುವ "ಇದು ನಾನು ಮಾಡಿದ್ದು" ಅನ್ನುವ ಭಾವ ಅಷ್ಟಾಗಿ ಬರುವುದಿಲ್ಲ. ಹಾಗಂತ ಕಡಿಮೆ ಅನ್ನುತ್ತಿಲ್ಲ. ಊಟ ಆದ ಮೇಲೆ ತಾಯಿ ಮಗಳು ಪಕ್ಕದಲ್ಲಿ ಕೂತು ಒಂದೊಂದು ಪೆಟ್ಟಿಗೆ ಬಿಡಿಸುವುದಕ್ಕೆ ಇದೇ ಸರಿ. ಸ್ವಿಚ್ ನಮ್ಮ ಕಡೆ ಸಿಗುವುದು ಹೊರಗಿನಿಂದ ತರಿಸಿದ್ದೇ, ಬೆಲೆ ಜಾಸ್ತಿ. ಈ ಒಂದು ಆಟಕ್ಕಾಗಿ ಅದನ್ನು ಕೊಳ್ಳಬೇಡಿ, ಲ್ಯಾಪ್‌ಟಾಪ್ ಸಾಕು.

ಪ್ರೋಟಿಯಸ್: ಒಗಟಿಲ್ಲದ ತಿರುಗಾಟ

2013ರ ಪ್ರೋಟಿಯಸ್‌ನಲ್ಲಿ ಒಗಟು ಅನ್ನುವುದೇ ಇಲ್ಲ. ಎಡ್ ಕೀ ಮತ್ತು ಡೇವಿಡ್ ಕನಾಗ ಮಾಡಿದ್ದು. ಒಂದು ದ್ವೀಪ, ಪ್ರತಿ ಸಲ ಹೊಸದಾಗಿ ಹುಟ್ಟುವ ದ್ವೀಪ. ನೀವು ನಡೆಯುತ್ತೀರಿ, ಅಷ್ಟೇ. ಮರದ ಹತ್ತಿರ ಹೋದರೆ ಒಂದು ಸದ್ದು, ಕಪ್ಪೆ ಜಿಗಿದರೆ ಇನ್ನೊಂದು, ಗುಡ್ಡ ಹತ್ತಿದರೆ ಸಂಗೀತ ತೆಳ್ಳಗಾಗುತ್ತದೆ. ನಾಲ್ಕು ಋತು ದಾಟಿ ಹೆಚ್ಚುಕಡಿಮೆ ಒಂದು ತಾಸಿನಲ್ಲಿ ಮುಗಿಯುತ್ತದೆ.

ಏನಾದರೂ ಮಾಡಬೇಕು ಅನ್ನುವ ತವಕ ಇದ್ದರೆ ಇದು ನಿಮಗಲ್ಲ. ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಅಂದರೆ, ಗೇಮ್ ಅಂದರೆ ಆಗದ ಹಿರಿಯರಿಗೂ ಇದನ್ನು ಧೈರ್ಯವಾಗಿ ಕೊಡಬಹುದು. ಸೋಲು ಇಲ್ಲ, ಗಡಿಬಿಡಿ ಇಲ್ಲ. ವಿಜಯಪುರದ ಏಪ್ರಿಲ್ ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲಿನಲ್ಲಿ, ಹಿಮ ಬೀಳುವ ಆ ದ್ವೀಪದಲ್ಲಿ ನಡೆಯುವುದು ಎಂಥ ಸಮಾಧಾನ ಅಂತ ಆಡಿದವರಿಗೇ ಗೊತ್ತು.

ಕನಾಗ ಅವರೇ ಫೆರ್ನಾಂಡೊ ರಮಾಯೊ ಜೊತೆ ಸೇರಿ 2015ರಲ್ಲಿ ಪನೊರಾಮಿಕಲ್ ಮಾಡಿದರು. ಅಲ್ಲಿ ನಡೆಯುವುದಿಲ್ಲ. ಗುಂಡಿಗಳನ್ನು ಸರಿಸಿದಂತೆ ನೋಟ ಮತ್ತು ನಾದ ಎರಡೂ ಬದಲಾಗುತ್ತವೆ. ಮನೆಯಲ್ಲಿ ಮಿಡಿ ಕಂಟ್ರೋಲರ್ (ಕಂಪ್ಯೂಟರಿಗೆ ಜೋಡಿಸಿ ಸಂಗೀತಕ್ಕೆ ಬಳಸುವ ಗುಂಡಿಗಳ ಪೆಟ್ಟಿಗೆ) ಇದ್ದರೆ ಅದನ್ನು ಜೋಡಿಸಿ ಆಡಬಹುದು. ಇಲ್ಲದಿದ್ದರೆ ಬಿಡಿ, ಮಜಾ ಅರ್ಧ.

140: ಕಾಲಿನಿಂದ ತಾಳ ಹಿಡಿಯುವ ಆಟ

ಡೆನ್ಮಾರ್ಕ್‌ನ ಯೆಪ್ಪೆ ಕಾರ್ಲ್‌ಸೆನ್ 2013ರಲ್ಲಿ ತಂದ ಪುಟ್ಟ ಆಟ. ಹೆಸರೇ ವೇಗ, ನಿಮಿಷಕ್ಕೆ 140 ಬೀಟ್. ಚೌಕ, ವೃತ್ತ, ತ್ರಿಕೋನ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೆಟ್ಟಿಲುಗಳು ತಾಳಕ್ಕೆ ತಕ್ಕಂತೆ ಬರುತ್ತವೆ, ಹೋಗುತ್ತವೆ. ಜಿಗಿಯಬೇಕು. ಹೊಸ ಭಾಗ ತೆರೆದಾಗ ಹಾಡಿಗೆ ಹೊಸ ಪದರ ಕೂಡುತ್ತದೆ. ಇಲ್ಲಿ ನೀವು ಸಂಗೀತ ಮಾಡುವುದಿಲ್ಲ, ಅದರೊಳಗೆ ಓಡುತ್ತೀರಿ. ಲಯ ಕೂರದ ಮಕ್ಕಳಿಗೆ ಇದು ಒಳ್ಳೆಯ ಅಭ್ಯಾಸ. ಆದರೆ ಪದೇ ಪದೇ ಬೀಳುತ್ತಾರೆ, ಸಿಟ್ಟು ಬರುತ್ತದೆ, ಅದಕ್ಕೆ ತಯಾರಿರಿ.

ದುಡ್ಡೇ ಹಾಕದೆ, ಬರೀ ಮೊಬೈಲ್‌ನಲ್ಲಿ

ಬಾಗಲಕೋಟೆ ಜಿಲ್ಲೆಯ ಒಬ್ಬ ಪೇಟಿ (ಹಾರ್ಮೋನಿಯಂ) ಮಾಸ್ತರು ನನ್ನನ್ನು ಕೇಳಿದ್ದು ಇದನ್ನೇ. ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಪೇಟಿ ನುಡಿಸುವವರು ಅವರು. "ಹುಡುಗೂರ ಕೈಯಾಗ ಮೊಬೈಲ್ ಅದ, ಲ್ಯಾಪ್‌ಟಾಪ್ ಇಲ್ಲ. ಏನರೆ ಅದ ಏನ್ರಿ?" ಇದೆ. ಕ್ರೋಮ್ ಮ್ಯೂಸಿಕ್ ಲ್ಯಾಬ್. ಗೂಗಲ್ 2016ರಲ್ಲಿ ತಂದದ್ದು, ಪೂರ್ತಿ ಉಚಿತ, ಆಪ್ ಹಾಕಿಕೊಳ್ಳುವುದೂ ಬೇಡ, ಬ್ರೌಸರ್‌ನಲ್ಲೇ ತೆರೆಯುತ್ತದೆ. ಇದನ್ನು ಆಟ ಅನ್ನಬೇಕೋ ಆಟಿಕೆ ಅನ್ನಬೇಕೋ ಅಂತ ವಾದ ಮಾಡಬಹುದು. ನನಗೆ ಆ ವಾದ ಬೇಡ. ಒಳಗೆ ಹತ್ತಾರು ಸಣ್ಣ ಪ್ರಯೋಗಗಳಿವೆ, ತಟ್ಟಿ ತಟ್ಟಿ ಏನು ಅಂತ ಕಂಡುಕೊಳ್ಳುವುದೇ ಅದರ ಸೊಗಸು.

2018ರಲ್ಲಿ ಸೇರಿದ ಸಾಂಗ್ ಮೇಕರ್ ಎಂಬ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ಬಣ್ಣದ ಮನೆಗಳ ಜಾಲ, ಮೇಲೆ ಸ್ವರ, ಕೆಳಗೆ ತಾಳ. ಸೆಟ್ಟಿಂಗ್ಸ್ ಒಳಗೆ ಹೋಗಿ ಸ್ಕೇಲ್ ಅನ್ನು ಪೆಂಟಟೋನಿಕ್ ಮಾಡಿ. ಆಗ ಉಳಿಯುವುದು ಐದೇ ಸ್ವರ: ಸ ರಿ ಗ ಪ ಧ. ಅಂದರೆ ಭೂಪ ರಾಗದ ಸ್ವರಗಳು! ಪೇಟಿ ಕಲಿತ ಮಗು ತನಗೆ ಗೊತ್ತಿರುವ ಚೀಜಿನ, ಅಂದರೆ ಹಾಡಿನ, ಮೊದಲ ಭಾಗವಾದ ಸ್ಥಾಯಿಯನ್ನು ಮನೆ ತುಂಬುತ್ತ ಬರೆದು ಕೇಳಬಹುದು. ಮೀಂಡ್ ಬರುವುದಿಲ್ಲ, ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ನಿಜ. ಆದರೂ ತಾನು ಹಾಡುವುದನ್ನು ಚಿತ್ರವಾಗಿ ನೋಡುವುದು ಮಗುವಿಗೆ ಹೊಸ ಅನುಭವ. ಒಂದು ಬಾರ್‌ಗೆ ಎಷ್ಟು ಬೀಟ್ ಅನ್ನುವುದನ್ನೂ ಬದಲಿಸಬಹುದು. ಅದನ್ನು 7 ಮಾಡಿದರೆ ಹಿಂದೂಸ್ತಾನಿ ರೂಪಕ ತಾಳದ ಲೆಕ್ಕ ಕೂತುಬಿಡುತ್ತದೆ. ದುಡ್ಡು ಕೊಟ್ಟು ಕೊಂಡ ಆಟಗಳಲ್ಲಿ ಹೀಗೆ ನಾಲ್ಕರ ಲೆಕ್ಕ ಬಿಟ್ಟು ಹೊರಗೆ ಬರುವುದು ಅಪರೂಪ. ಮಾಡಿದ್ದನ್ನು ಲಿಂಕ್ ಆಗಿ ಕಳಿಸಬಹುದು, ಮಿಡಿ ಅಥವಾ ವೇವ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ಕೈಯಲ್ಲಿ ಏನು ಉಳಿಯಿತು ಅನ್ನುವ ನನ್ನ ಪ್ರಶ್ನೆಗೆ ಇದು ಬಿಟ್ಟಿಯಾಗಿ ಕೊಡುವ ಉತ್ತರ ಬಹಳ ದೊಡ್ಡದು.

ಇನ್ನೂ ಸಣ್ಣವರಿಗೆ ಇನ್‌ಕ್ರೆಡಿಬಾಕ್ಸ್. ಫ್ರಾನ್ಸ್‌ನ ತಂಡವೊಂದು 2009ರಲ್ಲಿ ಶುರು ಮಾಡಿದ್ದು. ಸಾಲಾಗಿ ನಿಂತ, ಬಾಯಿಂದಲೇ ತಾಳ ಹೊರಡಿಸುವ ಬೀಟ್‌ಬಾಕ್ಸ್ ಹುಡುಗರ ಮೇಲೆ ಚಿತ್ರಗಳನ್ನು ಎಳೆದು ಬಿಟ್ಟರೆ ಒಬ್ಬೊಬ್ಬರು ಒಂದೊಂದು ಸದ್ದು ಮಾಡುತ್ತಾರೆ. ಸರಿಯಾದ ಜೋಡಣೆ ಸಿಕ್ಕರೆ ಒಂದು ವಿಶೇಷ ತುಣುಕು ತೆರೆಯುತ್ತದೆ. ಏನು ಸೇರಿಸಿದರೂ ಬೇಸುರ ಆಗುವುದಿಲ್ಲ. ಅದೇ ಅದರ ಬಲ, ಅದೇ ಅದರ ಮಿತಿ. ಬೇಸುರ ಆಗಲು ಬಿಡದ ವಾದ್ಯದಿಂದ ಸುರ ಯಾವುದು ಅಂತ ಕಲಿಯಲಾಗುವುದಿಲ್ಲ.

ಹಳೆಯ ನಿಂಟೆಂಡೊ ಡಿಎಸ್ ಯಾರ ಮನೆಯಲ್ಲಾದರೂ ಇದ್ದರೆ ತೊಶಿಯೊ ಇವಾಯ್ ಅವರ ಎಲೆಕ್ಟ್ರೋಪ್ಲಾಂಕ್ಟನ್ ಹುಡುಕಿ ನೋಡಿ. 2005ರದ್ದು. ನೀರಿನ ಹತ್ತು ಬಗೆಯ ಜೀವಿಗಳನ್ನು ಮುಟ್ಟಿ, ಎಳೆದು, ಊದಿ ನಾದ ಹೊರಡಿಸುತ್ತೀರಿ. ನೀವು ಮಾಡಿದ್ದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಇದೇ ಇವಾಯ್ ಮುಂದೆ ಯಮಾಹಾ ಜೊತೆ ಸೇರಿ 16ಕ್ಕೆ 16 ದೀಪದ ಗುಂಡಿಗಳಿರುವ ಟೆನೊರಿ-ಆನ್ ಎಂಬ ನಿಜವಾದ ವಾದ್ಯವನ್ನೇ ಮಾಡಿದರು.

ಕೊಳ್ಳುವ ಮೊದಲು ನೋಡಬೇಕಾದದ್ದು

ಇಯರ್‌ಫೋನ್ ವಿಷಯ ಬಹಳ ಮುಖ್ಯ. ವೈರ್ ಇರುವುದನ್ನೇ ಬಳಸಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದ 0.1ರಿಂದ 0.2 ಸೆಕೆಂಡ್ ತಡವಾಗಿ ಬರುತ್ತದೆ. ಸಿನಿಮಾ ನೋಡುವಾಗ ಅದನ್ನು ಸರಿದೂಗಿಸುವ ವ್ಯವಸ್ಥೆ ಇರುವುದರಿಂದ ಗೊತ್ತಾಗುವುದಿಲ್ಲ. ಆದರೆ ಮೇಲೆ ಹೇಳಿದ ಸೀಕ್ವೆನ್ಸರ್‌ನಲ್ಲಿ 120 ಬೀಟ್ ವೇಗಕ್ಕೆ ಒಂದು ಮನೆಯ ಅಳತೆ 0.125 ಸೆಕೆಂಡ್. ಅಂದರೆ ಶಬ್ದ ಒಂದು ಇಡೀ ಮನೆ ಹಿಂದೆ ಬೀಳುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. 140 ಆಟವಂತೂ ಆಡಲಿಕ್ಕೇ ಆಗುವುದಿಲ್ಲ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್ ಕೂಡ ಬೇಡ. ಅದರಲ್ಲಿ ಬೇಸ್ ಕೇಳುವುದೇ ಇಲ್ಲ, ಫ್ರ್ಯಾಕ್ಟ್‌ನ ಮೂರರಲ್ಲಿ ಒಂದು ಪ್ರದೇಶ ಬೇಸ್‌ನದ್ದೇ ಅಲ್ವಾ.

ಫ್ರ್ಯಾಕ್ಟ್, ಪ್ರೋಟಿಯಸ್, ರಿಟ್ಮೊಸ್, 140 ಎಲ್ಲವೂ ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ ಬಂದಿವೆ. ಅಲ್ಲಿ ರೂಪಾಯಿಯಲ್ಲೇ ಬೆಲೆ, ಯುಪಿಐ ನಡೆಯುತ್ತದೆ. ವರ್ಷದಲ್ಲಿ ಹಲವು ಸಲ ರಿಯಾಯಿತಿ ಬರುತ್ತದೆ, ಅವಸರ ಬೇಡ. ಇವು ಯಾವುವೂ ಇತ್ತೀಚಿನ ದೊಡ್ಡ ಆಟಗಳ ಹಾಗೆ ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ. ಆದರೂ ಅಂಗಡಿಯ ಪುಟದಲ್ಲಿ ಕೊಟ್ಟಿರುವ ಬೇಡಿಕೆಗೆ ನಿಮ್ಮ ಯಂತ್ರ ಹೊಂದುತ್ತದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಫ್ರ್ಯಾಕ್ಟ್ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಒಂದೂವರೆ ತಾಸು ಧಾರಾಳ.

ತಬಲಾ ಕಲಿಯುವ ಹುಡುಗನಿಗೆ ನಾನು ಹೇಳಿದ ಕ್ರಮ ಇದು. ಮೊದಲು ಸಾಂಗ್ ಮೇಕರ್‌ನಲ್ಲಿ ಕೈ ಕೂರಲಿ, ಆಮೇಲೆ ನೇರ ಫ್ರ್ಯಾಕ್ಟ್. ನಡುವೆ ಬೇರೇನೂ ಬೇಡ. ಪದವಿ ಓದುವವರು, ಒಂಟಿಯಾಗಿ ರೂಮಿನಲ್ಲಿರುವವರು ನೇರವಾಗಿ ಫ್ರ್ಯಾಕ್ಟ್‌ಗೇ ಹೋಗಲಿ. ಮನೆಮಂದಿಯೆಲ್ಲ ಸೇರಿ ಆಡಬೇಕು ಅಂದರೆ ರಿಟ್ಮೊಸ್. ಕೆಲಸ ಮುಗಿಸಿ ತಲೆ ಭಾರವಾಗಿ ಬಂದವರಿಗೆ ಪ್ರೋಟಿಯಸ್.

ಫ್ರ್ಯಾಕ್ಟ್ ಮುಗಿಸಿದವರು ಅಲ್ಲಿಗೇ ನಿಲ್ಲಬೇಡಿ. ಎಲ್‌ಎಂಎಂಎಸ್ ಎಂಬ, ಸಂಗೀತ ಕಟ್ಟುವ ಉಚಿತ ತಂತ್ರಾಂಶ ಇಳಿಸಿಕೊಳ್ಳಿ. ಅದರಲ್ಲಿ ಅದೇ ಮನೆಗಳ ಸಾಲು, ಅದೇ ಕಟಾಫ್, ಅದೇ ರೆಸೋನೆನ್ಸ್ ನಿಮಗಾಗಿ ಕಾಯುತ್ತಿರುತ್ತವೆ. ಇನ್ನೂ ಆಳಕ್ಕೆ ಹೋಗುವ ಮನಸ್ಸಿದ್ದರೆ ವಿಸಿವಿ ರ‍್ಯಾಕ್ ಎಂಬ ತಂತ್ರಾಂಶ ಇದೆ, ಅದರದ್ದೂ ಉಚಿತ ಆವೃತ್ತಿ ಸಿಗುತ್ತದೆ. ಅಲ್ಲಿ ವೈರ್ ಎಳೆದು ಸಿಂಥ್ ಅನ್ನು ಮೊದಲಿನಿಂದ ನೀವೇ ಕಟ್ಟಬೇಕು. ಫ್ರ್ಯಾಕ್ಟ್‌ನ ಯಂತ್ರಗಳ ನಡುವೆ ಓಡಾಡಿದವರಿಗೆ ಆ ಪರದೆ ನೋಡಿ ಹೆದರಿಕೆ ಆಗುವುದಿಲ್ಲ. ಮೊದಲು ಒಂದು ಆಸಿಲೇಟರ್ (ಶಬ್ದ ಹುಟ್ಟಿಸುವ ಭಾಗ), ಒಂದು ಫಿಲ್ಟರ್, ಒಂದು ಸೀಕ್ವೆನ್ಸರ್ ಮೂರನ್ನೇ ಜೋಡಿಸಿ. ಅದು ಸದ್ದು ಮಾಡಿದ ಮೇಲೆ ನಾಲ್ಕನೆಯದು.